ಶಾಂತವೇರಿ ಗೋಪಾಲಗೌಡರು

ಉಳುವವನು ಒಬ್ಬ, ಬೆಳೆಯನ್ನು ಅಳೆದೊಯ್ಯುವವನು ಮತ್ತೊಬ್ಬ. ಇದು ಮಲೆನಾಡಿನ ಗೇಣಿಪದ್ಧತಿಯಾಗಿದ್ದಿತು. ಗೇಣಿದಾರರ ಈ ಸಂಕಟಕ್ಕೆ ಶಾಸನಸಭೆಯಲ್ಲಿ ದನಿಯಾದವರಲ್ಲಿ ಶಾಂತವೇರಿ ಗೋಪಾಲಗೌಡರು ಅಗ್ರಗಣ್ಯರು.

ಅವರು 1923ರ ಮಾರ್ಚ್ 14ರಂದು ಶಿವಮೊಗ್ಗ ಜಿಲ್ಲೆಯಲ್ಲಿ ಜನಿಸಿದರು. ವಿದ್ಯಾರ್ಥಿಯಾಗಿದ್ದಾಗಲೇ 1942ರ ಚಳವಳಿಯಲ್ಲಿ ಸೆರೆಮನೆ ಕಂಡರು. ಮುಂದೆ ಸಮಾಜವಾದಿ ಪಕ್ಷವನ್ನು ಸೇರಿದರು.

1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿದರು. ಗೇಣಿಯ ಬತ್ತವನ್ನು ಭೂಮಾಲೀಕರು ದೊಡ್ಡ ಕೊಳಗದಿಂದ ಅಳೆದುಕೊಳ್ಳುತ್ತಿದ್ದುದು ಅದಕ್ಕೆ ಮುಖ್ಯ ಕಾರಣ. ಆ ಹೋರಾಟವನ್ನು ಮುನ್ನಡೆಸಿದವರಲ್ಲಿ ಗೌಡರೂ ಒಬ್ಬರು. ರಾಮಮನೋಹರ ಲೋಹಿಯಾ ಅವರೂ ಅಲ್ಲಿಗೆ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ಗೌಡರು ಮೈಸೂರು ವಿಧಾನಸಭೆಗೆ ಆಯ್ಕೆಯಾದರು. 1957ರಲ್ಲಿ ಸೋತರೂ ಎದೆಗುಂದದೆ 1962 ಮತ್ತು 1967ರಲ್ಲಿ ಪುನಃ ಗೆದ್ದರು. ವಿರೋಧಪಕ್ಷದ ಪೀಠದಲ್ಲಿ ಕುಳಿತು ಸರ್ಕಾರದ ಭೂನೀತಿಯನ್ನು ನಿರ್ಭೀತಿಯಿಂದ ಪ್ರಶ್ನಿಸಿದರು. ಗದ್ದೆಯ ಬದುವಿನಲ್ಲಿ ಕೇಳಿದ ದುಃಖವೇ ಸಭೆಯಲ್ಲಿ ಅವರ ಮಾತಾಯಿತು. ಅಧಿಕಾರವನ್ನಾಗಲಿ ಸಂಪತ್ತನ್ನಾಗಲಿ ಅವರು ಬಯಸಲಿಲ್ಲ.

1972ರ ಜೂನ್ 9ರಂದು ಅವರು ಅಕಾಲಮರಣಕ್ಕೆ ತುತ್ತಾದರು. 1974ರಲ್ಲಿ ಭೂಸುಧಾರಣಾ ಕಾನೂನಿನ ತಿದ್ದುಪಡಿ ಜಾರಿಗೆ ಬಂದು, ಮಲೆನಾಡು ಮತ್ತು ಕರಾವಳಿಯ ಸಹಸ್ರಾರು ಗೇಣಿದಾರರು ತಾವು ಉಳುತ್ತಿದ್ದ ನೆಲಕ್ಕೆ ಒಡೆಯರಾದರು. ಆ ದಿನವನ್ನು ಕಾಣುವ ಭಾಗ್ಯ ಗೌಡರಿಗೆ ಒದಗಲಿಲ್ಲ. ಆದರೆ ಜನಪ್ರತಿನಿಧಿಯು ಕೇಳುವ ನ್ಯಾಯವಾದ ಪ್ರಶ್ನೆಯು ಅವನೊಡನೆ ಅಳಿಯುವುದಿಲ್ಲವೆಂಬುದಕ್ಕೆ ಅವರ ಬಾಳು ನಿದರ್ಶನವಾಗಿದೆ.