ನೀರುನಾಯಿಯ ಬೆನ್ನು ಹಿಡಿದ ಕ್ಯಾಮರಾ: ಸ್ವೀಡನ್ನಿನ ಆರ್ನೆ ಸುಕ್ಸ್‌ಡೋರ್ಫ್

1949ರ ಮಾರ್ಚ್ ತಿಂಗಳಲ್ಲಿ ಅಮೇರಿಕದ ಹಾಲಿವುಡ್‌ನಲ್ಲಿ ಆಸ್ಕರ್ ಪ್ರಶಸ್ತಿಗಳನ್ನು ಹಂಚಿದಾಗ, ಒಂದು ರೀಲಿನ ಕಿರುಚಿತ್ರಗಳ ವಿಭಾಗದಲ್ಲಿ ಗೆದ್ದುದು ಸ್ಟಾಕ್‌ಹೋಮ್ ನಗರವನ್ನು ಕುರಿತ ಒಂದು ಪುಟ್ಟ ಸಿನೆಮಾ. ಸ್ವೀಡನ್ ದೇಶದ ಚಿತ್ರವೊಂದಕ್ಕೆ ಆ ಪ್ರಶಸ್ತಿ ದೊರೆತುದು ಅದೇ ಮೊದಲು. ಆದರೆ ದಾಖಲೆಯಲ್ಲಿ ಅದು ನಮೂದಾದುದು ಎಡ್ಮಂಡ್ ರೀಕ್ ಎಂಬ ಅಮೇರಿಕನ್ ನಿರ್ಮಾಪಕನ ಹೆಸರಿನಲ್ಲಿ. ಕ್ಯಾಮರಾ ಹಿಡಿದು ಸ್ಟಾಕ್‌ಹೋಮಿನ ಬೀದಿಗಳಲ್ಲಿ ಅಲೆದು ಆ ಚಿತ್ರವನ್ನು ತೆಗೆದವನು ಆರ್ನೆ ಸುಕ್ಸ್‌ಡೋರ್ಫ್. ಚಲಚ್ಚಿತ್ರದ ಚರಿತ್ರೆಯಲ್ಲಿ ಇಂಥ ಲೆಕ್ಕಾಚಾರಗಳು ಬೇಕಾದಷ್ಟಿವೆ. ಸುಕ್ಸ್‌ಡೋರ್ಫ್‌ನ ಬಾಳಿನಲ್ಲಿ ಇದು ದೊಡ್ಡ ಪೆಟ್ಟೇನೂ ಅಲ್ಲ. ದೊಡ್ಡ ಪೆಟ್ಟುಗಳು ಮುಂದೆ ಕಾದಿದ್ದವು.

ಸ್ವೀಡಿಷ್ ಸಿನೆಮಾ ಎಂದೊಡನೆ ನಮಗೆಲ್ಲ ನೆನಪಾಗುವುದು ಇಂಗ್ಮಾರ್ ಬರ್ಗ್‌ಮನ್ ಒಬ್ಬನೇ. ಆದರೆ ಐವತ್ತರ ದಶಕದ ಆರಂಭದಲ್ಲಿ ಹೊರನಾಡುಗಳಲ್ಲಿ ಸುಕ್ಸ್‌ಡೋರ್ಫ್‌ನ ಹೆಸರೂ ಗೌರವದಿಂದ ಕೇಳಿಬರುತ್ತಿತ್ತು. ಅಷ್ಟೇ ಅಲ್ಲ, ಆತ ನಮ್ಮ ದೇಶಕ್ಕೆ ಬಂದು, ಇಲ್ಲಿನ ನದಿ, ಹಳ್ಳಿ, ಕಾಡುಗಳನ್ನು ಚಿತ್ರಿಸಿದವನು. ಆತನ ಕಥೆಯನ್ನು ನಮ್ಮ ಓದುಗರ ಮುಂದಿಡಲು ಇದೂ ಒಂದು ಕಾರಣ.

ಆರ್ನೆ ಸುಕ್ಸ್‌ಡೋರ್ಫ್ ಹುಟ್ಟಿದ್ದು 1917ರ ಫೆಬ್ರವರಿ 3ರಂದು, ಸ್ಟಾಕ್‌ಹೋಮಿನಲ್ಲಿ. ಮೊದಲು ಪ್ರಕೃತಿ ವಿಜ್ಞಾನದ ಕಡೆಗೆ ಒಲವು, ಆಮೇಲೆ ಚಿತ್ರಕಲೆ, ಕೊನೆಗೆ ಬರ್ಲಿನ್ನಿಗೆ ಹೋಗಿ ಛಾಯಾಗ್ರಹಣದ ಅಭ್ಯಾಸ. ಮೂರೂ ಆತನೊಳಗೆ ಕೊನೆಯ ತನಕ ಉಳಿದುವು ಎನ್ನಬೇಕು. ಪ್ರಾಣಿಗಳ ನಡವಳಿಕೆಯನ್ನು ಬಲ್ಲವನ ತಾಳ್ಮೆ, ಬೆಳಕು ನೆರಳುಗಳನ್ನು ಬಲ್ಲವನ ಕಣ್ಣು ಒಂದೇ ಕಡೆ ಸೇರುವುದು ಅಪರೂಪ. ಇಪ್ಪತ್ತೆರಡು ಇಪ್ಪತ್ತಮೂರರ ಪ್ರಾಯದಲ್ಲಿ 'ಆಗಸ್ಟ್ ರಾಪ್ಸಡಿ' ಎಂಬ ಮೊದಲ ಕಿರುಚಿತ್ರವನ್ನು ತೆಗೆದ. ಬಳಿಕ ಸ್ವೀಡನ್ನಿನ ಅತಿ ದೊಡ್ಡ ಸಂಸ್ಥೆಯಾದ ಸ್ವೆನ್ಸ್ಕ್ ಫಿಲ್ಮ್ ಇಂಡಸ್ಟ್ರಿ ಆತನನ್ನು ಬರಮಾಡಿಕೊಂಡಿತು.

ಯುದ್ಧದ ಆ ವರ್ಷಗಳಲ್ಲಿ ಯುರೋಪೆಲ್ಲ ಉರಿಯುತ್ತಿದ್ದಾಗ ತಟಸ್ಥ ಸ್ವೀಡನ್ನಿನಲ್ಲಿ ಈತ ಜಿಂಕೆ, ನರಿ, ಕಡಲಹಕ್ಕಿಗಳ ಬೆನ್ನು ಹಿಡಿದು ಒಂದಾದ ಮೇಲೊಂದು ಕಿರುಚಿತ್ರ ತೆಗೆದ. ಉತ್ತರದ ಸಾಮಿ ಜನರ ಹಿಮಸಾರಂಗಗಳ ಕುರಿತು ಒಂದು, ಹಿಮದ ಮೇಲಿನ ನೆರಳುಗಳ ಕುರಿತು ಇನ್ನೊಂದು. 1944ರ 'ಟ್ರೂಟ್' ಎಂಬುದರಲ್ಲಿ ದೊಡ್ಡ ಕಡಲಕಾಗೆಯೊಂದು ನೆರೆಯ ಹಕ್ಕಿಗಳ ಮೊಟ್ಟೆಗಳನ್ನು ದೋಚುತ್ತದೆ. ಅದರಲ್ಲಿ ಹಿಟ್ಲರನ ನೆರಳನ್ನು ಕಂಡವರೂ ಇದ್ದರು. 1948ರ 'ಒಡೆದ ಜಗತ್ತು' ಎಂಬ ಚಿತ್ರ ಕೆಲವೇ ನಿಮಿಷಗಳದ್ದು. ಚಳಿಗಾಲದ ಒಂದು ರಾತ್ರಿ, ಹಿಮ, ನರಿ, ಮೊಲ, ಗೂಬೆ, ಅಷ್ಟೆ. ಕೊಲ್ಲುವುದೂ ಸಾಯುವುದೂ ಅಲ್ಲಿ ಸದ್ದಿಲ್ಲದೆ ನಡೆದುಹೋಗುತ್ತದೆ. ನಮ್ಮ ಮಟ್ಟಿಗೆ ಆತನ ಕಿರುಚಿತ್ರಗಳಲ್ಲಿ ಇದೇ ಮೇಲು. ಆಸ್ಕರ್ ಪಡೆದ ನಗರದ ಚಿತ್ರ ಇದರ ಮುಂದೆ ತುಸು ಸಪ್ಪೆ.

ಇಲ್ಲಿ ಒಂದು ವಿಷಯ ಹೇಳಬೇಕು. ಕಾಡುಪ್ರಾಣಿಯ ಚಿತ್ರವೆಂದರೆ ಮರೆಯಲ್ಲಿ ಅಡಗಿ ಕುಳಿತು, ಇದ್ದುದನ್ನು ಇದ್ದ ಹಾಗೆ ಹಿಡಿಯುವುದೆಂದು ನಾವು ತಿಳಿದುಕೊಂಡಿರುತ್ತೇವೆ. ಸುಕ್ಸ್‌ಡೋರ್ಫ್‌ನ ರೀತಿ ಪೂರ್ತಿ ಹಾಗಲ್ಲ. ದಿನಗಟ್ಟಲೆ ಕಾಯುತ್ತಿದ್ದುದೂ ನಿಜ, ಪ್ರಾಣಿಗಳನ್ನು ಸಾಕಿ ಪಳಗಿಸಿ, ಬೇಲಿ ಹಾಕಿದ ಜಾಗದಲ್ಲಿ ಬಿಟ್ಟು ಬೇಕಾದ ದೃಶ್ಯವನ್ನು ಪಡೆಯುತ್ತಿದ್ದುದೂ ನಿಜ. ನರಿಯ ನೋಟವನ್ನು ಒಂದು ಕಡೆ, ಮೊಲದ ನೋಟವನ್ನು ಇನ್ನೊಂದು ಕಡೆ ಹಿಡಿದು ಸಂಕಲನದ ಮೇಜಿನ ಮೇಲೆ ಎರಡನ್ನೂ ಎದುರುಬದುರು ನಿಲ್ಲಿಸುವುದು ಆತನ ಕೈಚಳಕ. ಇದು ಸಾಕ್ಷ್ಯಚಿತ್ರವೋ ಕಥಾಚಿತ್ರವೋ ಎಂಬ ತಕರಾರು ಆತನನ್ನು ಬಿಡಲೇ ಇಲ್ಲ. ಆತನೋ ಎರಡರ ನಡುವಿನ ಗೆರೆಯನ್ನು ಲಕ್ಷಿಸಿದವನೇ ಅಲ್ಲ.

ಈ ತಕರಾರಿಗೆ ಉತ್ತರವೆಂಬಂತೆ ಬಂದುದು 1953ರ 'ಮಹಾ ಸಾಹಸ', ಆತನ ಮೊದಲ ಪೂರ್ಣಪ್ರಮಾಣದ ಚಿತ್ರ. ಕಥೆ, ನಿರ್ದೇಶನ, ಛಾಯಾಗ್ರಹಣ, ಸಂಕಲನ ಎಲ್ಲವೂ ಆತನದೇ. ಸಾಲದ್ದಕ್ಕೆ ಮಕ್ಕಳ ತಂದೆಯ ಪಾತ್ರವನ್ನೂ ತಾನೇ ಮಾಡಿದ. ಸ್ವೀಡನ್ನಿನ ಒಂದು ಒಕ್ಕಲುಮನೆ, ಸುತ್ತ ಕಾಡು, ಎದುರಿಗೆ ಸರೋವರ. ಇಬ್ಬರು ಚಿಕ್ಕ ಹುಡುಗರು ಒಂದು ನೀರುನಾಯಿಯನ್ನು ಹಿಡಿದು, ಹಿರಿಯರ ಕಣ್ಣಿಗೆ ಬೀಳದ ಹಾಗೆ ಅಡಗಿಸಿಟ್ಟು ಸಾಕುತ್ತಾರೆ. ಅದಕ್ಕೆ ಊಟಿ ಎಂದು ಹೆಸರು. ನಮ್ಮ ಹೊಳೆಬದಿಯವರಿಗೆ ನೀರುನಾಯಿ ಹೊಸತಲ್ಲ, ಅದರ ಹೊಟ್ಟೆ ಎಂಥದೆಂಬುದೂ ಹೊಸತಲ್ಲ. ದಿನಾ ಮೀನು ಬೇಕು. ಸರೋವರ ಹೆಪ್ಪುಗಟ್ಟಿದ ಮೇಲೆ ಮೀನು ಎಲ್ಲಿಂದ ತರುವುದು? ಹುಡುಗರು ಆ ಚಳಿಗಾಲವಿಡೀ ಪಡುವ ಪಾಡೇ ಸಿನೆಮಾದ ಜೀವಾಳ. ಹಿಮ ಕರಗಿ ವಸಂತ ಬಂದಾಗ ನೀರುನಾಯಿ ತನ್ನ ದಾರಿ ಹಿಡಿದು ಹೊರಟುಹೋಗುತ್ತದೆ.

ಇಷ್ಟೇ ಕಥೆ. ಆದರೆ ಇದರ ಸುತ್ತ ನರಿಯ ಬೇಟೆ, ಮರಿಗಳ ಆಟ, ಋತುಗಳ ಬದಲಾವಣೆ ಎಲ್ಲವನ್ನೂ ನೇಯ್ದ ಬಗೆ ಎಷ್ಟು ಸಹಜವೆಂದರೆ, ಎಲ್ಲಿ ಕಾದು ಹಿಡಿದದ್ದು, ಎಲ್ಲಿ ಹೂಡಿ ಹಿಡಿದದ್ದು ಎಂದು ಹೇಳಲಾಗದು. ಪ್ರೀತಿಯಿಂದ ಕಟ್ಟಿಹಾಕಿದ ಪ್ರಾಣಿಗೂ ಅದು ಬಂಧನವೇ ಎಂಬುದನ್ನು ಆ ಮಕ್ಕಳಿಗೆ ಯಾರೂ ಬೋಧಿಸುವುದಿಲ್ಲ, ಖಾಲಿ ಗೂಡೇ ಹೇಳುತ್ತದೆ. ಪ್ರಾಣಿಗಳನ್ನು ಬೇಲಿಯೊಳಗಿಟ್ಟು ಚಿತ್ರ ತೆಗೆಯುತ್ತಿದ್ದವನು ಇದನ್ನು ತನಗೇ ಹೇಳಿಕೊಂಡನೋ ಏನೋ ಎಂದು ನಮಗೆ ಅನ್ನಿಸುವುದುಂಟು. 1954ರಲ್ಲಿ ಈ ಚಿತ್ರ ಕಾನ್ ಮತ್ತು ಬರ್ಲಿನ್ ಚಿತ್ರೋತ್ಸವಗಳೆರಡರಲ್ಲೂ ಮನ್ನಣೆ ಪಡೆಯಿತು.

ಭಾರತದ ಕಡೆಗೆ ಆತ ಮುಖ ಮಾಡಿದ್ದು ಇದಕ್ಕೂ ಮೊದಲೇ. 1951ರಲ್ಲಿ ಎರಡು ಕಿರುಚಿತ್ರಗಳು ಹೊರಬಂದುವು: ನೀರಿಗಾಗಿ ಬಾವಿ ತೋಡುವ ಊರಿನ ಕುರಿತ 'ಭಾರತದ ಹಳ್ಳಿ', ಮತ್ತು ಕಾಶ್ಮೀರದ ಝೇಲಂ ನದಿಯ ದೋಣಿಜನರ ಕುರಿತ 'ಗಾಳಿ ಮತ್ತು ಹೊಳೆ'. ಕೆಲವು ವರ್ಷಗಳ ಬಳಿಕ ಆತ ಮತ್ತೆ ಬಂದ. ಈ ಸಲ ಬಸ್ತರಿಗೆ. ಆಗ ಅದು ಮಧ್ಯಪ್ರದೇಶದಲ್ಲಿತ್ತು, 2000ದಿಂದ ಛತ್ತೀಸ್‌ಗಢದಲ್ಲಿದೆ. ಅಲ್ಲಿನ ಮುರಿಯಾ ಗೊಂಡರ ಬದುಕನ್ನೂ ಅವರ ಯುವಕ ಯುವತಿಯರು ಕೂಡುವ ಗೋಟುಲ್ ಮನೆಯನ್ನೂ ಕುರಿತು ವೆರಿಯರ್ ಎಲ್ವಿನ್ ಬರೆದ ದೊಡ್ಡ ಗ್ರಂಥ 1947ರಲ್ಲೇ ಬಂದಿತ್ತು. ಸುಕ್ಸ್‌ಡೋರ್ಫ್ ಅದೇ ಜನರ ನಡುವೆ ಹೆಂಡತಿ ಆಸ್ಟ್ರಿಡ್‌ಳೊಡನೆ ಬೀಡುಬಿಟ್ಟು, ಬಣ್ಣದಲ್ಲಿ, ಅಗಲ ಪರದೆಯಲ್ಲಿ ಒಂದು ದೊಡ್ಡ ಚಿತ್ರ ಮಾಡಿದ. ಸಂಗೀತ ರವಿಶಂಕರ್ ಅವರದು. 'ಪಥೇರ್ ಪಾಂಚಾಲಿ' ಬಂದು ಎರಡೇ ವರ್ಷಗಳಾಗಿದ್ದುವು. 1957ರಲ್ಲಿ ಸ್ವೀಡನ್ನಿನಲ್ಲಿ 'ಕಾಡಿನ ಕಥೆ' ಎಂದೂ, ಇಂಗ್ಲಿಷಿನಲ್ಲಿ 'ಕೊಳಲು ಮತ್ತು ಬಾಣ' ಎಂದೂ ಅದು ತೆರೆಕಂಡಿತು. ಹಳ್ಳಿಗೆ ಕಾಟ ಕೊಡುವ ಚಿರತೆ, ಅದನ್ನೆದುರಿಸುವ ಬಿಲ್ಲುಗಾರರು, ಕುಣಿತ, ನಂಬಿಕೆ, ಭಯ ಇವೆಲ್ಲ ಅದರಲ್ಲಿವೆ.

ಮುರಿಯಾರ ಗೊಂಡಿ ಭಾಷೆ ನಮ್ಮ ಕನ್ನಡ, ತುಳು, ಮಲಯಾಳಗಳು ಸೇರಿದ ಅದೇ ದ್ರಾವಿಡ ಕುಟುಂಬದ್ದು. ಚಿತ್ರದಲ್ಲಿ ಅವರ ಬದುಕನ್ನು ಜಗತ್ತಿಗೆ ವಿವರಿಸುವ ದನಿ ಮಾತ್ರ ಪರರದು. ಆ ಕಾಲದ ಇಂಥ ಚಿತ್ರಗಳಲ್ಲಿ ಅದೇ ವಾಡಿಕೆ. ಗಡಿನಾಡಿನಲ್ಲಿ ಕುಳಿತ ನಮಗೆ ಇದು ಸ್ವಲ್ಪ ಹೆಚ್ಚಾಗಿಯೇ ಕಿವಿಗೆ ಬೀಳುತ್ತದೆ.

ಆ ಚಿತ್ರದಿಂದ ಹೆಸರಾದವನು ಚೆಂದ್ರು ಎಂಬ ಹುಡುಗ, ನಾರಾಯಣಪುರದ ಬಳಿಯ ಗಢಬೆಂಗಾಲ್ ಹಳ್ಳಿಯವನು. ಹುಲಿಮರಿಯೊಡನೆ ಆತನ ಗೆಳೆತನವನ್ನು ಆಸ್ಟ್ರಿಡ್ ಛಾಯಾಚಿತ್ರಗಳಲ್ಲಿ ಹಿಡಿದು ಪುಸ್ತಕ ಮಾಡಿದಳು; ಅದು ಹಲವು ಭಾಷೆಗಳಿಗೆ ಹೋಯಿತು. ಚೆಂದ್ರುವನ್ನು ಸ್ವೀಡನ್ನಿಗೆ ಕರೆದೊಯ್ದರು. ಅಲ್ಲಿನ ಜನ ಮುತ್ತಿಕೊಂಡರು. ಆಮೇಲೆ ಹುಡುಗ ತನ್ನ ಹಳ್ಳಿಗೆ ಮರಳಿದ, ಜಗತ್ತು ಆತನನ್ನು ಮರೆಯಿತು. ಪತ್ರಿಕೆಯವರು ಆಗೊಮ್ಮೆ ಈಗೊಮ್ಮೆ ಹುಡುಕಿಕೊಂಡು ಹೋದಾಗ ಕಂಡದ್ದು ಬಡತನದಲ್ಲಿ ದಿನ ದೂಡುತ್ತಿದ್ದ ಮುದುಕನನ್ನು. 2013ರ ಸೆಪ್ಟೆಂಬರಿನಲ್ಲಿ ಆತ ತೀರಿಕೊಂಡ. ಸುಕ್ಸ್‌ಡೋರ್ಫ್‌ನನ್ನು ಮೆಚ್ಚುವವರು ಈ ಭಾಗವನ್ನು ಹಾರಿಸಿಬಿಡುವುದುಂಟು, ಅದು ನಮಗೆ ಸರಿಕಾಣುವುದಿಲ್ಲ.

ಕಾಡಿನ ಚಿತ್ರಕ್ಕೆ ಸುರಿದ ಹಣ ಹಿಂದೆ ಬರಲಿಲ್ಲ. 1961ರಲ್ಲಿ ಬಂದ 'ಮರದ ಮೇಲಿನ ಹುಡುಗ' ಇನ್ನೂ ಕೆಟ್ಟದಾಗಿ ಸೋತಿತು. ಕಳ್ಳಬೇಟೆಯವರ ಸಂಗಕ್ಕೆ ಬೀಳುವ ತರುಣನೊಬ್ಬನ ಕಥೆ ಅದು. ವಿಚಿತ್ರವೆಂದರೆ, ಜೀವನವಿಡೀ ಕ್ಯಾಮರಾವನ್ನು ಇನ್ನೊಬ್ಬರ ಕೈಗೆ ಕೊಡದ ಸುಕ್ಸ್‌ಡೋರ್ಫ್ ಈ ಸಲ ಅದನ್ನು ಗುನ್ನಾರ್ ಫಿಷರ್‌ಗೆ ವಹಿಸಿದ್ದ. ಬರ್ಗ್‌ಮನ್ನನ 'ಏಳನೆಯ ಮುದ್ರೆ'ಯನ್ನು ಚಿತ್ರಿಸಿದ ಗಟ್ಟಿಗ ಆತ. ಸಂಗೀತಕ್ಕೆ ಅಮೇರಿಕದ ಕ್ವಿನ್ಸಿ ಜೋನ್ಸ್. ದೊಡ್ಡ ಹೆಸರುಗಳು ಸೇರಿದರೂ ಚಿತ್ರ ನಿಲ್ಲಲಿಲ್ಲ. ವಿಮರ್ಶಕರು ಕರುಣೆ ತೋರಲಿಲ್ಲ. ನಲವತ್ತೈದರ ಪ್ರಾಯದಲ್ಲಿ ಆತ ಸ್ವೀಡನ್ ಬಿಟ್ಟು ಹೊರಟ.

ಹೋದದ್ದು ಬ್ರೆಜಿಲಿಗೆ. 1962ರಲ್ಲಿ ಯುನೆಸ್ಕೋದ ಆಶ್ರಯದಲ್ಲಿ ರಿಯೋ ದ ಜನೈರೋ ನಗರದಲ್ಲಿ ತರುಣರಿಗೆ ಸಿನೆಮಾ ಕಲಿಸುವ ತರಗತಿ ನಡೆಸಿದ. ಕೈಯಲ್ಲಿ ಹಿಡಿಯಬಹುದಾದ ಕ್ಯಾಮರಾ, ಸ್ಥಳದಲ್ಲೇ ಧ್ವನಿ ಹಿಡಿಯುವ ನಾಗ್ರಾ ಯಂತ್ರ ಇವು ಆಗ ಅಲ್ಲಿನವರಿಗೆ ಹೊಸತು. ಆ ತರಗತಿಯಲ್ಲಿ ಕಲಿತ ದಿಬ್ ಲುತ್ಫಿ ಮುಂದೆ ಬ್ರೆಜಿಲಿನ ಹೊಸ ಅಲೆಯ ಹೆಸರಾಂತ ಛಾಯಾಗ್ರಾಹಕನಾದ, ಅರ್ನಾಲ್ಡೊ ಜಬೋರ್ ನಿರ್ದೇಶಕನಾದ. ವ್ಲಾದಿಮಿರ್ ಹೆರ್ಜೋಗ್ ಎಂಬ ಇನ್ನೊಬ್ಬ ಶಿಷ್ಯ ಪತ್ರಕರ್ತನಾಗಿ ಉಳಿದ. 1975ರಲ್ಲಿ ಸಾವೊ ಪಾಲೊದಲ್ಲಿ ಮಿಲಿಟರಿ ಸರಕಾರದ ಸೆರೆಯಲ್ಲಿ ಚಿತ್ರಹಿಂಸೆಯಿಂದ ಸತ್ತ. ಅದನ್ನು ಆತ್ಮಹತ್ಯೆ ಎಂದು ಸಾರಿದ ಸುಳ್ಳನ್ನು ಮರಣಪತ್ರದಿಂದ ತೆಗೆಸಲು 2013 ಬರಬೇಕಾಯಿತು.

ರಿಯೋದ ಕೋಪಾಕಬಾನಾ ಕಡಲತೀರ ಸಿರಿವಂತರದು, ಅದರ ಮೇಲಿನ ಗುಡ್ಡದ ಗುಡಿಸಲುಗಳು ಬಡವರವು. ಆ ಗುಡ್ಡದ ಅನಾಥ ಮಕ್ಕಳನ್ನೇ ನಟರನ್ನಾಗಿ ಮಾಡಿಕೊಂಡು ಆತ 1965ರಲ್ಲಿ 'ಕೋಪಾಕಬಾನಾ ನನ್ನ ಮನೆ' ತೆಗೆದ. ಬೂಟು ಒರೆಸಿ, ಸಣ್ಣಪುಟ್ಟ ಕಳವು ಮಾಡಿ, ಗಾಳಿಪಟ ಹಾರಿಸಿ ಬದುಕುವ ನಾಲ್ವರು ಮಕ್ಕಳ ಕಥೆ. ಬೈದು ಓಡಿಸಿದ ಸ್ವೀಡನ್ನೇ ಈ ಚಿತ್ರಕ್ಕಾಗಿ ಆ ವರ್ಷದ ಅತ್ಯುತ್ತಮ ನಿರ್ದೇಶಕನ ಗುಲ್ಡ್‌ಬಾಗೆ ಪ್ರಶಸ್ತಿಯನ್ನು ಕೊಟ್ಟಿತು. ಆದರೂ ಆತ ಅಲ್ಲಿಗೆ ಮರಳಲಿಲ್ಲ, ಇನ್ನೊಂದು ಕಥಾಚಿತ್ರ ಮಾಡಲೂ ಇಲ್ಲ. 1971ರ ಬ್ರಿಟಿಷ್ ಚಿತ್ರವೊಂದಕ್ಕಾಗಿ ಅಂಟಾರ್ಕ್ಟಿಕಾಕ್ಕೆ ಹೋಗಿ ಪೆಂಗ್ವಿನ್‌ಗಳನ್ನು ಚಿತ್ರಿಸಿದ್ದುಂಟು. ಆ ಸಿನೆಮಾದಲ್ಲಿ ನೋಡತಕ್ಕದ್ದು ಅದೊಂದೇ ಎಂದರೂ ತಪ್ಪಿಲ್ಲ.

ಉಳಿದ ಕಾಲವನ್ನು ಕಳೆದದ್ದು ಬ್ರೆಜಿಲಿನ ಒಳನಾಡಿನಲ್ಲಿ, ಮಾತೊ ಗ್ರೊಸೊ ಸೀಮೆಯ ಪಾಂಟನಾಲ್ ಎಂಬ ಮಹಾ ಜೌಗುಪ್ರದೇಶದಲ್ಲಿ. ಜಗತ್ತಿನ ಅತಿ ದೊಡ್ಡ ಜೌಗುಗಳಲ್ಲಿ ಅದೂ ಒಂದು. ಜಾಗ್ವಾರ್, ಮೊಸಳೆ, ಲೆಕ್ಕವಿಲ್ಲದ ಹಕ್ಕಿ, ನಮ್ಮವಕ್ಕಿಂತ ಎಷ್ಟೋ ದೊಡ್ಡ ನೀರುನಾಯಿಗಳು ಅಲ್ಲಿವೆ. ಬ್ರೆಜಿಲಿನ ಹೆಣ್ಣನ್ನು ಮದುವೆಯಾಗಿ ಅಲ್ಲೇ ನೆಲೆನಿಂತ. ಚರ್ಮದ ಆಸೆಗೆ ಪ್ರಾಣಿಗಳನ್ನು ಕೊಲ್ಲುವವರ ವಿರುದ್ಧ, ಕಾಡು ಕಡಿಯುವವರ ವಿರುದ್ಧ ದನಿ ಎತ್ತಿದ. ಕ್ಯಾಮರಾ ಆಗಲೂ ಕೈಯಲ್ಲಿತ್ತು. 1981ರಲ್ಲಿ ಪಾಂಟನಾಲ್ ಕುರಿತ ಆತನ ಚಿತ್ರಪುಸ್ತಕ ಹೊರಬಂತು. ಅದರ ಹೆಸರೇ ಆ ಸ್ವರ್ಗ ಕೈಬಿಟ್ಟುಹೋಯಿತೇ ಎಂದು ಕೇಳುವಂಥದು.

ತೊಂಬತ್ತರ ದಶಕದಲ್ಲಿ ಮುಪ್ಪು ಆತನನ್ನು ಮತ್ತೆ ಸ್ಟಾಕ್‌ಹೋಮಿಗೆ ತಂದಿತು. ಪಾಂಟನಾಲ್‌ನ ಒಂದು ಭಾಗವನ್ನು ಯುನೆಸ್ಕೋ 2000ದಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಮರುವರ್ಷ, 2001ರ ಮೇ 4ರಂದು, ಎಂಬತ್ತನಾಲ್ಕರ ಪ್ರಾಯದಲ್ಲಿ, ಹುಟ್ಟಿದ ಊರಿನಲ್ಲೇ ಸುಕ್ಸ್‌ಡೋರ್ಫ್ ಕಣ್ಣುಮುಚ್ಚಿದ.