ಕಪ್ಪು ಚುಕ್ಕೆಯ ಲೆಕ್ಕ ಕೊಟ್ಟ ಸ್ಟೋಕ್ಸ್

ಇಂಜಿನಿಯರಿಂಗ್ ಓದಿದ ನಮಗೆಲ್ಲ ಸ್ಟೋಕ್ಸ್ ಅನ್ನೋ ಹೆಸರು ಪರಿಚಯ. ಸ್ಟೋಕ್ಸ್ ಪ್ರಮೇಯ, ನೇವಿಯರ್-ಸ್ಟೋಕ್ಸ್ ಸಮೀಕರಣ ಎರಡನ್ನೂ ಪರೀಕ್ಷೆಗೆ ಉರು ಹೊಡೆದವರು ನಾವು. ಆದರೆ ಬೆಳಕನ್ನು ಎರಡಾಗಿ ಒಡೆಯುವ ಬೀಮ್ ಸ್ಪ್ಲಿಟರ್‌ನ ಲೆಕ್ಕದಲ್ಲೂ ಅವರೇ ಇದ್ದಾರೆ.

ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಹುಟ್ಟಿದ್ದು 1819ರಲ್ಲಿ, ಐರ್ಲೆಂಡಿನ ಸ್ಕ್ರೀನ್ ಎಂಬ ಹಳ್ಳಿಯಲ್ಲಿ. ತಂದೆ ಪಾದ್ರಿ. ಹದಿಹರೆಯದಲ್ಲೇ ಓದೋಕೆ ಸಮುದ್ರ ದಾಟಿ ಇಂಗ್ಲೆಂಡಿಗೆ ಬಂದರು. 1841ರಲ್ಲಿ ಕೇಂಬ್ರಿಡ್ಜಿನ ಗಣಿತ ಪರೀಕ್ಷೆಯಲ್ಲಿ ಮೊದಲಿಗರಾದರು. 1849ರಲ್ಲಿ, 30ನೇ ವಯಸ್ಸಿಗೆ, ಹಿಂದೆ ನ್ಯೂಟನ್ ಇದ್ದ ಲುಕೇಸಿಯನ್ ಪ್ರಾಧ್ಯಾಪಕ ಹುದ್ದೆ ಸಿಕ್ಕಿತು.

ಅದೇ ವರ್ಷ ಅವರು ಕೈಗೆತ್ತಿಕೊಂಡದ್ದು ನ್ಯೂಟನ್ ಉಂಗುರಗಳನ್ನು. ಚಪ್ಪಟೆ ಗಾಜಿನ ಮೇಲೆ ಉಬ್ಬು ಮಸೂರ ಇಟ್ಟು ಮೇಲಿಂದ ನೋಡಿದರೆ, ಎರಡೂ ತಾಗುವ ನಡುಮಧ್ಯೆ ಕಪ್ಪು ಚುಕ್ಕೆ ಕಾಣುತ್ತೆ. ಅದು ಪೂರ್ತಿ ಕಪ್ಪಾಗಿರೋದು ಯಾಕೆ? ಸ್ಟೋಕ್ಸ್ ಮಾಡಿದ್ದು ಸರಳ ಉಪಾಯ. ಗಾಜಿಗೆ ಬಿದ್ದ ಕಿರಣ ಒಂದು ಪಾಲು ಪ್ರತಿಫಲಿಸಿ, ಇನ್ನೊಂದು ಪಾಲು ಒಳಹೋಗುತ್ತೆ. ಎರಡನ್ನೂ ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸಿದರೆ ಮೊದಲಿನ ಕಿರಣವೇ ಪೂರ್ತಿಯಾಗಿ ವಾಪಸ್ ಬರಬೇಕು, ಬೇರೆ ದಿಕ್ಕಿಗೆ ಚೂರೂ ಸೋರಬಾರದು. ಹಾಗಾಗಬೇಕಾದರೆ ಗಾಜಿನ ಒಂದು ಬದಿಯ ಪ್ರತಿಫಲನ ಇನ್ನೊಂದು ಬದಿಯದಕ್ಕೆ ಸರಿಯಾಗಿ ತಲೆಕೆಳಗಾಗಿರಲೇಬೇಕು, ಅಂದರೆ ಅರ್ಧ ಅಲೆಯಷ್ಟು ಫೇಸ್ ವ್ಯತ್ಯಾಸ. ಹಾಗಾಗಿ ಚುಕ್ಕೆಯಲ್ಲಿ ಎರಡು ಪ್ರತಿಫಲನಗಳು ಒಂದನ್ನೊಂದು ಅಳಿಸಿಹಾಕುತ್ತವೆ; ಬೆಳಕೆಲ್ಲ ಕೆಳಗೆ ದಾಟಿಹೋಗುತ್ತೆ.

ಈಗ ಇಂಟರ್‌ಫೆರೋಮೀಟರಿಗೆ ಬರೋಣ. ಒಡೆದ ಎರಡು ಕಿರಣಗಳು ಸಮ ದೂರ ಸಾಗಿ ಎರಡನೇ ಬೀಮ್ ಸ್ಪ್ಲಿಟರ್‌ನಲ್ಲಿ ಕೂಡುತ್ತವೆ ಅಂದುಕೊಳ್ಳಿ. ಫೇಸ್ ಬದಲಾಗದೇ ಇದ್ದರೆ ಎರಡೂ ಬಾಗಿಲಲ್ಲಿ ಅಲೆಗಳು ಕೂಡಿಕೊಂಡು, ಹಾಕಿದ್ದಕ್ಕಿಂತ ಎರಡರಷ್ಟು ಶಕ್ತಿ ಹೊರಬರಬೇಕಿತ್ತು! ಆ ಒಂದು ಮೈನಸ್ ಚಿಹ್ನೆಯಿಂದಾಗಿ ಒಂದು ಬಾಗಿಲು ಪೂರ್ತಿ ಬೆಳಕು, ಇನ್ನೊಂದು ಪೂರ್ತಿ ಕತ್ತಲೆ. ಕತ್ತಲೆ ಅಂದರೆ ಬೆಳಕು ಕಳೆದುಹೋಗಿದೆ ಅಂತಲ್ಲ, ಆಚೆ ಬಾಗಿಲಿಂದ ಹೋಗಿದೆ ಅಂತ.

1857ರಲ್ಲಿ ಮದುವೆಯಾದಾಗ, ಕಾಲೇಜಿನ ನಿಯಮದಂತೆ ಸ್ಟೋಕ್ಸ್ ಫೆಲೋಶಿಪ್ ಬಿಡಬೇಕಾಯ್ತು. ನಿಯಮ ಬದಲಾದ ಮೇಲಷ್ಟೇ ಅದು ವಾಪಸ್ ಸಿಕ್ಕಿತು. 1854ರಿಂದ 1885ರವರೆಗೆ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದು, ಬೇರೆಯವರ ಪ್ರಬಂಧ ಓದೋದು, ತಿದ್ದೋದು, ಪತ್ರ ಬರೆಯೋದರಲ್ಲೇ ಬಹಳಷ್ಟು ಸಮಯ ಕಳೆದರು. ಸ್ವಂತ ಸಂಶೋಧನೆ ಅಷ್ಟರಮಟ್ಟಿಗೆ ಕುಗ್ಗಿತು, ಆದರೆ ಆ ಶ್ರಮ ಬೇರೆಯವರ ಪುಟಗಳಲ್ಲಿ ಉಳಿಯಿತು. 1903ರಲ್ಲಿ ತೀರಿಕೊಳ್ಳುವವರೆಗೂ ಅವರು ಅದೇ ಲುಕೇಸಿಯನ್ ಹುದ್ದೆಯಲ್ಲಿದ್ದರು.