ಅಬ್ರಹಾಂ ಪಂಡಿತರ್: ಅಧ್ಯಾಪನದಿಂದ ಸಂಗೀತಶಾಸ್ತ್ರದೆಡೆಗೆ

ತಮಿಳು ಕ್ರೈಸ್ತ ಸಂಗೀತಶಾಸ್ತ್ರಜ್ಞ ಅಬ್ರಹಾಂ ಪಂಡಿತರ್ 1859ರಲ್ಲಿ ತೆಂಕಾಶಿ ಸಮೀಪದ ಸಾಂಬವರ್ ವಡಕರೈ ಗ್ರಾಮದಲ್ಲಿ ಜನಿಸಿದರು. ದಿಂಡಿಗಲ್‌ನಲ್ಲಿ ಶಿಕ್ಷಕ ತರಬೇತಿ ಪಡೆದು ಅಧ್ಯಾಪಕರಾದರು. ಪಿಟೀಲು ಕಲಿತದ್ದೂ ಅಲ್ಲಿಯೇ. ಸುರುಳಿ ಬೆಟ್ಟದ ಕರುಣಾನಂದರೆಂಬ ಸಾಧುವಿನಿಂದ ಸಿದ್ಧವೈದ್ಯವನ್ನು ಅರಿತರು. ಮುಂದೆ ತಂಜಾವೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಕಾಲ ಬೋಧಿಸಿ, ಆ ವೃತ್ತಿಯನ್ನು ತೊರೆದು ವೈದ್ಯವನ್ನೇ ಅವಲಂಬಿಸಿದರು.

ಈ ತಿರುವು ಸಂಗೀತದಿಂದ ದೂರ ಸರಿದಂತೆ ಕಂಡರೂ ವಸ್ತುತಃ ಅವರ ಸಂಶೋಧನೆಗೆ ಆಧಾರವಾದದ್ದು ಅದೇ. ವೈದ್ಯವೃತ್ತಿಯ ಗಳಿಕೆಯಿಂದ ಅವರು 1912ರಲ್ಲಿ ತಂಜಾವೂರಿನಲ್ಲಿ ಸಂಗೀತ ವಿದ್ಯಾ ಮಹಾಜನ ಸಂಘವನ್ನು ಸ್ಥಾಪಿಸಿ, ವಿದ್ವಾಂಸರ ಸಮ್ಮೇಳನಗಳನ್ನು ನಡೆಸಿದರು. ಸ್ಥಾಯಿಯೊಂದರಲ್ಲಿ 22 ಶ್ರುತಿಗಳನ್ನು ಹೇಳುವ ಶಾರ್ಙ್ಗದೇವನ ಮತವನ್ನು ಪ್ರಶ್ನಿಸಿ, 'ಶಿಲಪ್ಪದಿಗಾರಂ' ಮೊದಲಾದ ಪ್ರಾಚೀನ ತಮಿಳು ಆಕರಗಳ ಬಲದಿಂದ 24 ಸಮಶ್ರುತಿಗಳನ್ನು ಪ್ರತಿಪಾದಿಸಿದರು. 1916ರ ಬರೋಡಾ ಅಖಿಲ ಭಾರತ ಸಂಗೀತ ಸಮ್ಮೇಳನದಲ್ಲಿ ಅವರು ಮಂಡಿಸಿದ ಈ ವಾದಕ್ಕೆ ಹೆಣ್ಣುಮಕ್ಕಳಿಬ್ಬರು ಪ್ರಾತ್ಯಕ್ಷಿಕೆಯ ಬೆಂಬಲ ನೀಡಿದರು.

ಈ ಮತ ವಿವಾದಾತೀತವಾಗಲಿಲ್ಲ. ಆದರೆ ಶ್ರುತಿಚರ್ಚೆಯನ್ನು ಸಂಸ್ಕೃತ ಲಕ್ಷಣಗ್ರಂಥಗಳಾಚೆಗೆ ವಿಸ್ತರಿಸಿದ ಶ್ರೇಯಸ್ಸು ಅವರದು. ಕ್ರೈಸ್ತ ಕೀರ್ತನೆಗಳನ್ನು ರಚಿಸಿದ ಪಂಡಿತರು 1917ರಲ್ಲಿ ಪ್ರಕಟಿಸಿದ ಮಹಾಗ್ರಂಥಕ್ಕೆ ವೈದ್ಯಗುರುವಿನ ಸ್ಮರಣೆಯಲ್ಲಿ 'ಕರುಣಾಮೃತ ಸಾಗರಂ' ಎಂದು ಹೆಸರಿಟ್ಟದ್ದು, ಅವರ ಬದುಕಿನ ಎರಡು ಧಾರೆಗಳು ಬೇರೆಯಾಗಿರಲಿಲ್ಲವೆಂಬುದಕ್ಕೆ ಸಾಕ್ಷಿ.